ಮಖಮಲ್ಲಿನ ಮೇಲಿನ ಜರ್ಮನ್ ತಾಟು

ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಹಾಸಿ, ಅದರ ಮೇಲೊಂದು ಜರ್ಮನ್ ತಾಟನ್ನು ಮಲಗಿಸಿದ್ದರು. ಇಟ್ಟಿದ್ದರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೊಸದಾಗಿ ಹುಟ್ಟಿದ ಕೂಸನ್ನು ಮಲಗಿಸಿದಂತೆ ಮಲಗಿಸಿದ್ದರು. ನೆತ್ತಿಯ ಮೇಲೆ ಸಣ್ಣದೊಂದು ದೀಪ, ಕೆಳಗೆ ಹಿತ್ತಾಳೆಯ ಬೋರ್ಡು. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಅನ್ನುತ್ತಾರೆ. ಆ ಜರ್ಮನ್ನಿನ ಚರಿತ್ರೆ, ಸಂಸ್ಕೃತಿ, ಪರಂಪರೆ ಎಲ್ಲವನ್ನೂ ಉಳಿಸುತ್ತೇವೆಂದು ಟೊಂಕ ಕಟ್ಟಿ ನಿಂತವರಿಗೆ ಬೋರ್ಡು ಬರೆಸಲು ಮಾತ್ರ ಹಿತ್ತಾಳೆಯೇ ಬೇಕಾಗಿತ್ತು.

ಗಾಜಿನೊಳಗಿನ ತಾಟಿಗೆ ವಾಸನೆ ಎಲ್ಲಿಂದ ಬರಬೇಕು? ಆದರೂ ನನ್ನ ಮೂಗಿಗೆ ಬಂದು ಬಡಿಯಿತು. ಒಲೆಯ ಬೂದಿ, ಹುಳಿ ಮಜ್ಜಿಗೆ, ದನದ ಗಂಜಲ, ಮೂರೂ ಕೂಡಿದ ವಾಸನೆ. ತಾಟಿನ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಒಂದು ಹೆಸರಿತ್ತು. ಆ ಹೆಸರಿನ ಕೊನೆಯ ಅಕ್ಷರ ಇರಬೇಕಾದ ಕಡೆ ಒಂದು ತೂತಿತ್ತು, ಮೊಳೆ ಹೊಡೆದು ಮಾಡಿದ ಒರಟು ತೂತು. ಆ ತೂತು ನನಗೆ ಗೊತ್ತು. ಅದನ್ನು ಹೊಡೆದ ಕೈ ಗೊತ್ತು...

ಬೋರ್ಡು ಓದಿದೆ. ‘ಈ ವಾಡೆಯ ಗೌಡಸಾನಿಯವರು ದಿನನಿತ್ಯ ಊಟಕ್ಕೆ ಬಳಸುತ್ತಿದ್ದ ಅಲ್ಯೂಮಿನಿಯಂ ತಟ್ಟೆ. ಅಂಚಿನ ಮೇಲೆ ಅವರದೇ ಹೆಸರನ್ನು ಕಾಣಬಹುದು. ಅಷ್ಟು ದೊಡ್ಡ ಮನೆತನದ ಒಡತಿಯಾಗಿಯೂ ಅವರು ನಡೆಸಿದ ಸರಳ ಬದುಕಿಗೆ ಇದು ಸಾಕ್ಷಿ. ರಂಧ್ರವು ಅಡುಗೆಮನೆಯ ಗೋಡೆಗೆ ತೂಗುಹಾಕಲು.’

ನಾನು ಜೋರಾಗಿ ನಕ್ಕುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ಪಾಪ, ಅವಳಿಗೆ ಇಳಕಲ್ ಸೀರೆ ಉಡಿಸಿ ನಿಲ್ಲಿಸಿದ್ದರು, ಅದೂ ಸೆರಗನ್ನು ಗುಜರಾತಿಯವರಂತೆ ಮುಂದೆ ಹಾಕಿ. ಇಳಕಲ್ಲಿನಲ್ಲಿ ಮೂವತ್ತು ವರ್ಷದ ಮೇಲೆ ಹಿಂದಿ ಕಲಿಸಿ ನಿವೃತ್ತಳಾದವಳು ನಾನು. ಆ ಸೆರಗು ನೋಡಿಯೇ ಅರ್ಧ ಸಿಟ್ಟು ಬಂದಿತ್ತು, ಬೋರ್ಡು ಓದಿ ಇನ್ನರ್ಧ ಬಂತು.

ಇದೆಲ್ಲ ನಡೆದದ್ದು ನನ್ನದೇ ಊರಿನಲ್ಲಿ. ಕುಳಗೇರಿ ಕ್ರಾಸಿನಿಂದ ಒಳಗೆ ಹೋದರೆ ಸಿಗುವ ಊರು. ಅಲ್ಲಿ ಗೌಡರ ವಾಡೆ ಇದೆ. ವಾಡೆ ಎಂದರೆ ಕಲ್ಲಿನ ದೊಡ್ಡ ಮನೆ, ದೊಡ್ಡ ಬಾಗಿಲು, ಒಳಗೆ ಚೌಕದ ಅಂಗಳ. ಗೌಡಸಾನಿಯ ಮೊಮ್ಮಗ ಬಾಗಲಕೋಟೆಯಲ್ಲಿ ಸಿಮೆಂಟಿನ ವ್ಯಾಪಾರ ಮಾಡಿಕೊಂಡಿದ್ದವನು. ಬಾದಾಮಿಗೆ ಬರುವ ಪ್ರವಾಸಿಗರು ಗುಹೆ ನೋಡಿ, ಕೆರೆ ನೋಡಿ, ಬನಶಂಕರಿಗೆ ಕೈ ಮುಗಿದು ಮುಂದೇನು ಅಂತ ಕೇಳುತ್ತಾರಲ್ಲ, ಅವರಿಗಾಗಿ ಈ ವಾಡೆಯನ್ನು ‘ಪರಂಪರೆಯ ಮನೆ’ ಮಾಡಿದ. ಮೊದಲು ಹಿತ್ತಾಳೆಯ ಕೋಣೆ ಆಯಿತು. ಆಮೇಲೆ ಕಟ್ಟಿಗೆ ಸಾಮಾನಿನ ಕೋಣೆ. ಈಗ ಅಲ್ಯೂಮಿನಿಯಮ್ಮಿನ ಕೋಣೆ. ಅದರ ಉದ್ಘಾಟನೆಗೆ ಊರ ಮಗಳು, ಅದರಲ್ಲೂ ಪೇಪರಿನಲ್ಲಿ ಆಗಾಗ ಏನಾದರೂ ಬರೆಯುವವಳು ಅಂತ ನನ್ನನ್ನು ಎರಡು ಮಾತು ಆಡಲು ಕರೆದಿದ್ದರು. ಹೋದೆ. ದೊಡ್ಡ ಬಾಗಿಲಿನಿಂದಲೇ ಒಳಗೆ ಹೋದೆ. ನಮ್ಮ ಕೇರಿಯವರು ಆ ಹೊಸ್ತಿಲು ದಾಟುವ ಹಾಗಿರಲಿಲ್ಲ. ನನ್ನವ್ವ ಜೀವಮಾನವೆಲ್ಲ ಆ ಮನೆಯಲ್ಲಿ ದುಡಿದು, ಅದರ ನಡುಮನೆ ಯಾವ ಬಣ್ಣದ್ದು ಅಂತ ತಿಳಿಯದೆ ಸತ್ತಳು.

ತಾಟು ನನ್ನವ್ವನದಲ್ಲ. ಬಾಜು ಮನಿ ಆಯಿಯದು.

ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಸಿಕೊಂಡು ಅವಳ ಮನೆ. ರಕ್ತಸಂಬಂಧ ಏನೂ ಇಲ್ಲ, ಕೇರಿಗೆಲ್ಲ ಆಯಿ. ಎತ್ತರದ ಹೆಂಗಸು. ಕಚ್ಚೆ ಹಾಕಿ ಸೀರೆ ಉಟ್ಟು, ಬಾಯಲ್ಲಿ ತಂಬಾಕು ಇಟ್ಟುಕೊಂಡು ನಡೆದಳೆಂದರೆ ಎದುರು ಬಂದವರು ದಾರಿ ಬಿಡುತ್ತಿದ್ದರು. ಭಯಕ್ಕಲ್ಲ, ಅವಳ ಬಾಯಿಗೆ ಸಿಕ್ಕರೆ ಮರ್ಯಾದೆ ಉಳಿಯುವುದಿಲ್ಲ ಅಂತ. ಅವಳಿಗೆ ಯಾರೂ ಲೆಕ್ಕಕ್ಕಿರಲಿಲ್ಲ. ಗೌಡ ಜೀಪು ತಂದಾಗ ಊರೆಲ್ಲ ಹೋಗಿ ನೋಡಿ ಬಂದರೆ, ಅವಳು ಕಟ್ಟೆಯ ಮೇಲಿಂದ ಏಳದೆಯೇ, ಅಂವಗ ನೆಟ್ಟಗ ನಡಿಯಾಕ ಬರೂದಿಲ್ಲ, ಅದಕ್ಕ ತಗೊಂಡಾನ, ಅಂದುಬಿಟ್ಟಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಪೇಢೆ ತೆಗೆದುಕೊಂಡು ಹೋದರೆ ಪೇಢೆಯನ್ನು ಮೂಸಿ ನೋಡಿ, ಸಕ್ಕರಿ ಕಡಿಮಿ ಹಾಕ್ಯಾನ, ಅಂದಳು. ಪಾಸಾದದ್ದರ ಬಗ್ಗೆ ಚಕಾರವಿಲ್ಲ. ಆದರೆ ಹಿಂದೆಯೇ ಕೇರಿಗೆಲ್ಲ ಹೋಗಿ, ಬಾಜು ಮನಿ ಹುಡುಗಿಗೆ ಇಂಗ್ಲಿಷ್ ಬರ್ತೈತಿ, ನಿಮ್ಮ ಹುಡುಗರಿಗೆ ಮೂಗು ಒರಸ್ಕೊಳ್ಳಾಕೂ ಬರೂದಿಲ್ಲ ಅಂತ ಹೀಯಾಳಿಸಿ ಬಂದಿದ್ದಳು. ಅವಳು ಹೊಗಳುವ ರೀತಿ ಅದು. ಒಬ್ಬರನ್ನು ಹೊಗಳಬೇಕಾದರೆ ಇಪ್ಪತ್ತು ಮಂದಿಯನ್ನು ಬೈಯಬೇಕು.

ಜರ್ಮನ್ ಪಾತ್ರೆ-ಭಾಂಡೆ ಎಂದರೂ ಅವಳಿಗೆ ತಾತ್ಸಾರವೇ. ಕೈಗೆ ಭಾರ ಇಲ್ಲದ ಭಾಂಡೆ ಅದೇನು ಭಾಂಡೆ ಅನ್ನುತ್ತಿದ್ದಳು. ಹುಣಸೆಹುಳಿ ಬಿದ್ದರೆ ಕಪ್ಪಾಗುತ್ತದೆ, ಮಜ್ಜಿಗೆ ಉಳಿದರೆ ತೂತು ತೂತಾಗುತ್ತದೆ, ಕೆಳಗೆ ಬಿದ್ದರೆ ತಗ್ಗು ಬೀಳುತ್ತದೆ. ಅವಳ ಮನೆಯಲ್ಲಿ ತವರಿನಿಂದ ತಂದ ಒಂದು ಹಿತ್ತಾಳೆ ಚರಗಿ, ಅಂದರೆ ತಂಬಿಗೆ ಇತ್ತು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಕಾವಲು ಕೂಡುತ್ತಿದ್ದಳು. ಇದನ್ನು ಯಾಕೆ ಹೇಳಿದೆನೆಂದರೆ, ಆ ಪರಂಪರೆಯ ಮನೆಯಲ್ಲಿ ಹಿತ್ತಾಳೆ ಎಲ್ಲ ದೊಡ್ಡವರದು, ಜರ್ಮನ್ ಎಲ್ಲ ಬಡವರದು ಅಂತ ಕೋಣೆ ಮಾಡಿ ಹಂಚಿದ್ದಾರೆ. ಆ ಹಂಚಿಕೆಯಲ್ಲಿ ಆಯಿಯ ಚರಗಿ ಎಲ್ಲಿ ಕೂಡುತ್ತದೆ? ಕೇರಿಗೆ ಬಂದು ಕೇಳಿದ್ದರೆ ತಾನೆ ಅವರಿಗೆ ತಿಳಿಯುವುದು.

ವಾಡೆಯಲ್ಲಿ ಆಯಿಯದು ದನದ ಕೊಟ್ಟಿಗೆಯ ಕೆಲಸ. ಸುಗ್ಗಿಯಲ್ಲಿ ಜೋಳ ತೂರುವುದು, ಕುಸುಬಿ ಹಸನು ಮಾಡುವುದು, ಶೇಂಗಾ ಸುಲಿಯುವುದು. ಶೇಂಗಾ ಸುಲಿಯಲು ರಜೆಯಲ್ಲಿ ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ಮಧ್ಯಾಹ್ನದ ಊಟ ವಾಡೆಯದೇ. ಹಿತ್ತಲ ಬಾಗಿಲಿನಿಂದ ಬಂದು ಕೊಟ್ಟಿಗೆಯಲ್ಲಿ ಸಾಲಾಗಿ ಕೂಡಬೇಕು. ರೊಟ್ಟಿಯನ್ನು ಮೇಲಿಂದ ಬಿಡುತ್ತಿದ್ದರು, ಸಾರನ್ನು ಮೇಲಿಂದ ಸುರಿಯುತ್ತಿದ್ದರು. ಅರ್ಧ ತಾಟಿಗೆ, ಅರ್ಧ ಪಾದಕ್ಕೆ. ಉಂಡಮೇಲೆ ಅವರವರ ತಾಟನ್ನು ಅವರವರೇ ಬೂದಿ ಹಚ್ಚಿ ತೊಳೆದು ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಬೋರಲು ಇಡಬೇಕು. ಮಾಡ ಎಂದರೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಿಟ್ಟ ಗೂಡು. ಆ ತಾಟು ಕೊಟ್ಟಿಗೆ ಬಿಟ್ಟು ಆಚೆ ಬರಬಾರದು. ಒಮ್ಮೆ ಯಾರೋ ಮರೆತು ಅಡುಗೆಮನೆಯ ಹಿಂದಿನ ನೀರಿನ ಬಾನಿಯ ಹತ್ತಿರ ಒಂದು ತಾಟು ಇಟ್ಟಿದ್ದಕ್ಕೆ ಗೌಡಸಾನಿ ಅದನ್ನು ಕೋಲಿನಿಂದ ದೂಡಿಸಿ, ಇಟ್ಟಿದ್ದ ಜಾಗಕ್ಕೆಲ್ಲ ನೀರು ಹೊಡೆಸಿದ್ದಳು. ಆಕೆ ಜರ್ಮನ್ ತಾಟಿನಲ್ಲಿ ಉಂಡಿದ್ದಳಂತೆ! ಬೆರಳಿನಿಂದ ಮುಟ್ಟಿದ್ದನ್ನೂ ನಾನು ಕಂಡಿಲ್ಲ.

ಹಾಗಾದರೆ ಆಕೆಯ ಹೆಸರು ಅಲ್ಲಿಗೆ ಹೇಗೆ ಬಂತು? ಅದನ್ನೂ ಹೇಳುತ್ತೇನೆ. ತಾಟುಗಳನ್ನು ತಂದದ್ದು ಹಳೇ ಬಾಗಲಕೋಟೆಯ ಒಂದು ಭಾಂಡೆ ಅಂಗಡಿಯಿಂದ. ಆ ಪೇಟೆ ಈಗ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಅಂಗಡಿಯ ಚಾಚಾ ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಟಕ್ ಟಕ್ ಅಂತ ಕೊಂಡವರ ಹೆಸರು ಕೆತ್ತಿಕೊಡುತ್ತಿದ್ದ. ಮದುವೆಗೆ ಮುಯ್ಯಿ ಮಾಡುವವರು ಪ್ರೀತಿಗೆ ಹೆಸರು ಕೆತ್ತಿಸುತ್ತಿದ್ದರು. ಗೌಡಸಾನಿ ಕೆತ್ತಿಸಿದ್ದು ಪ್ರೀತಿಗಲ್ಲ. ಆಳುಗಳು ಸೆರಗಿನಲ್ಲಿ ಮುಚ್ಚಿಕೊಂಡು ತಾಟು ಒಯ್ದರೆ ಯಾರದು ಅಂತ ಗೊತ್ತಾಗಲಿ ಅಂತ. ಉಣ್ಣುವಾಗಲೆಲ್ಲ ರೊಟ್ಟಿಯ ಪಕ್ಕದಲ್ಲೇ ಆ ಹೆಸರು ಕಾಣುತ್ತಿತ್ತು. ಕೇರಿಯವರಿಗೆ ಓದು ಬರುತ್ತಿರಲಿಲ್ಲ, ಆದರೆ ಅಲ್ಲಿ ಏನು ಬರೆದಿದೆ ಅನ್ನುವುದು ಎಲ್ಲರಿಗೂ ತಿಳಿದಿತ್ತು. ‘ನೀವು ಕಳ್ಳರು’ ಅಂತ ಬರೆದಿತ್ತು. ಕಳ್ಳರೆಂದು ಶಂಕಿಸಿ ಕೆತ್ತಿಸಿದ ಹೆಸರು ಇವತ್ತು ಸರಳ ಬದುಕಿನ ಸಾಕ್ಷಿಯಾಗಿ ಮಖಮಲ್ಲಿನ ಮೇಲೆ ಮಲಗಿದೆ.

ತೂತಿನ ಕತೆ ನಾಯಿಯಿಂದ ಶುರುವಾಯಿತು. ವಾಡೆಯಲ್ಲಿ ಒಂದು ಕಂದು ನಾಯಿ ಇತ್ತು. ಅದು ಮಧ್ಯಾಹ್ನವಾದ ಮೇಲೆ ಕೊಟ್ಟಿಗೆಗೆ ಬಂದು, ಮಾಡದಲ್ಲಿ ಬೋರಲು ಹಾಕಿದ ತಾಟುಗಳನ್ನು ಮೂತಿಯಿಂದ ಉರುಳಿಸಿ ಒಂದೊಂದಾಗಿ ನೆಕ್ಕುತ್ತಿತ್ತು. ಆಯಿ ಗೌಡಸಾನಿಗೆ ಹೇಳಿದಳು. ನಾಯಿ ನೆಕ್ಕಿದ್ರ ತೊಳಕೋರಿ, ನಿಮಗೇನ್ ಕೈ ಇಲ್ಲೇನು, ಅಂತ ಉತ್ತರ ಬಂತು. ಮರುದಿನ ಆಯಿ ಬರುವಾಗ ಮಡಿಲಲ್ಲಿ ಎತ್ತಿನ ಚಕ್ಕಡಿಯ ಒಂದು ಹಳೆಯ ಮೊಳೆ, ಒಂದಿಷ್ಟು ಪುಂಡಿ ನಾರಿನ ಹುರಿ ಇದ್ದವು. ಉಂಡು, ತೊಳೆದು, ತಾಟನ್ನು ದನ ನೀರು ಕುಡಿಯುವ ದೋಣಿಕಲ್ಲಿನ ಅಂಚಿಗೆ ಒರಗಿಸಿ, ಗುಂಡುಕಲ್ಲು ತೆಗೆದುಕೊಂಡು ಮೊಳೆ ಹೊಡೆದಳು. ದನಗಳು ಬೆದರಿ ಎದ್ದು ನಿಂತವು. ಆಮೇಲೆ ತೂತಿಗೆ ಹುರಿ ಪೋಣಿಸಿ, ನಾಯಿಗೆ ಎಟುಕದಷ್ಟು ಎತ್ತರದಲ್ಲಿದ್ದ ಗೂಟಕ್ಕೆ ತೂಗುಹಾಕಿದಳು. ಅಷ್ಟೆತ್ತರದ ಗೂಟ ಅವಳಿಗಷ್ಟೇ ಎಟುಕುತ್ತಿತ್ತು.

ಸದ್ದು ಕೇಳಿ ಗೌಡಸಾನಿ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಮೂಗಿಗೆ ಸೆರಗು ಹಿಡಿದು ಅಲ್ಲೇ ನಿಂತಳು. ನಾವೆಲ್ಲ ಶೇಂಗಾ ಬುಟ್ಟಿಯಿಂದ ತಲೆ ಎತ್ತಲಿಲ್ಲ.

‘ಯಾರನ್ನ ಕೇಳಿ ನನ್ನ ತಾಟಿಗೆ ತೂತು ಹೊಡದಿ?’

ಆಯಿ ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡಳು. ಅವಸರವೇನೂ ಇರಲಿಲ್ಲ ಅವಳಿಗೆ.

‘ಹೆಸರು ನಿಮ್ದು ಐತ್ರಿ, ಅವ್ವಾರ. ತೂತು ನಂದು.’

ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಗೌಡಸಾನಿಯ ಮುಖ ನೋಡಬೇಕಿತ್ತು... ಬೈಯಲು ತೆರೆದ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಆಯಿಯ ತಾಟಿಗೆ ಸಾರು ಬೀಳಲಿಲ್ಲ, ಬರೀ ಒಣರೊಟ್ಟಿ. ಅಷ್ಟು ದೊಡ್ಡ ವಾಡೆ, ಅಷ್ಟು ದೊಡ್ಡ ಹೊಲ, ಸೇಡು ತೀರಿಸಿಕೊಂಡದ್ದು ಒಂದು ಸೌಟು ಸಾರಿನಲ್ಲಿ! ಆಯಿ ಸೆರಗಿನ ಗಂಟಿನಲ್ಲಿ ಮನೆಯಿಂದಲೇ ಮೆಣಸಿನಕಾಯಿ ಚಟ್ನಿ ಕಟ್ಟಿಕೊಂಡು ಬಂದಳು. ಗೌಡಸಾನಿ ಕಾಣುವ ಹಾಗೆ ಬಾಗಿಲಿಗೆ ಎದುರಾಗಿ ಕೂತು, ನಿಧಾನಕ್ಕೆ ಮುರಿದು ಮುರಿದು ಉಂಡಳು. ಕಾಲು ಹಿಡಿ, ಮುಗಿಸು ಅಂತ ನನ್ನವ್ವ, ಉಳಿದವರು ಎಲ್ಲರೂ ಹೇಳಿ ನೋಡಿದರು. ಅವಳು ಅವರನ್ನೂ ಬೈದಳು. ಸುಗ್ಗಿ ಬಂತು, ಜೋಳ ತೂರಲು ಆಯಿಯಂಥ ಕೈ ಊರಿನಲ್ಲಿ ಇನ್ನೊಂದಿರಲಿಲ್ಲ, ಸಾರು ತಾನಾಗಿಯೇ ಮತ್ತೆ ತಾಟಿಗೆ ಬಂತು.

ಆ ತೂತು ಎಲ್ಲಿ ಬಿದ್ದಿದೆ ಅನ್ನುವುದನ್ನು ನೋಡಿದವಳು ನಾನು. ಒಂದು ಮಧ್ಯಾಹ್ನ ಗೂಟದ ಕೆಳಗೆ ನಿಂತು ಮೇಲೆ ನೋಡುತ್ತಿದ್ದೆ. ಹೆಸರಿನ ಕೊನೆಯ ಅಕ್ಷರವನ್ನು ಮೊಳೆ ನುಂಗಿಬಿಟ್ಟಿತ್ತು. ಆಯಿಗೆ ಹೇಳಿದೆ. ಅವಳಿಗೆ ಅಕ್ಷರ ಗೊತ್ತಿಲ್ಲ, ಬೇಕೆಂದು ಹೊಡೆದದ್ದಲ್ಲ. ತೂತಿಗೆ ಅಂಚು ಬೇಕಾಗಿತ್ತು, ಹೊಡೆದಿದ್ದಳು. ಅವಳು ತಂಬಾಕು ಉಗುಳಿ ಬಂದು, ತಾಟನ್ನು ಕೆಳಗಿಳಿಸಿ, ನನ್ನ ಮುಂದೆ ಹಿಡಿದು, ಎಲ್ಲಿಂದ ಎಲ್ಲಿಯವರೆಗೆ ಹೆಸರು, ಎಲ್ಲಿ ನಿಂತಿದೆ, ಎಲ್ಲ ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದೆ. ಹಂಗಾರ ಆಕಿ ಹೆಸರು ಅರ್ಧಾ ಆತೇನು, ಅಂದಳು. ಹೂಂ ಅಂದೆ. ಆಗ ಅವಳು ನಕ್ಕದ್ದು... ಬಾಜು ಮನೆಯಲ್ಲಿದ್ದುಕೊಂಡು ಅಷ್ಟು ವರ್ಷ ಅವಳನ್ನು ಕಂಡಿದ್ದೆ, ಅವಳ ನಗೆಯೆಂದರೆ ಮೂಗಿನಲ್ಲಿ ಒಮ್ಮೆ ಹೂಂ ಅನ್ನುವುದಷ್ಟೇ. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ದೋಣಿಕಲ್ಲಿನ ಮೇಲೆ ಕೂತುಬಿಟ್ಟಳು.

ಅಲ್ಲಿಂದ ಮುಂದೆ ನನ್ನನ್ನು ಕಂಡಾಗಲೆಲ್ಲ ಅದೊಂದೇ ಪ್ರಶ್ನೆ. ನೀರು ತರುವಾಗ, ಕಟ್ಟೆಯ ಮೇಲೆ ಕೂತಾಗ, ಬೀಗರ ಎದುರಿಗೆ ಕೂಡ.

‘ಇನ್ನೂ ಅರ್ಧಾ ಐತೇನಬೇ?’

ಐತಿ ಆಯಿ, ಅನ್ನುತ್ತಿದ್ದೆ. ಅಷ್ಟು ಕೇಳಿದರೆ ಅವಳ ದಿನ ಚೆನ್ನಾಗಿ ಹೋಗುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ಕೇರಿಯ ಹೊಸ ಹುಡುಗರು ಕೊಟ್ಟಿಗೆಯಲ್ಲಿ ಕೂತು ಉಣ್ಣುವುದಿಲ್ಲ ಅಂದರು, ಬುತ್ತಿ ಕಟ್ಟಿಕೊಂಡು ಹೋಗತೊಡಗಿದರು. ಗೌಡಸಾನಿ ಒಂದು ದಿನ ಎಲ್ಲರನ್ನೂ ಕರೆದು, ಈ ತಾಟು ಇನ್ನು ನನಗ್ಯಾಕ, ನಿಮ್ಮ ನಿಮ್ಮ ತಾಟು ನೀವು ಒಯ್ರಿ ಅಂದಳು. ಧಾರಾಳತನವಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಹೇಸಿಗೆ. ಹೆಂಗಸರು ಒಯ್ದರು. ಮನೆಗೆ ಬಂದು ಒರಟು ಕಲ್ಲಿನಿಂದ ಹೆಸರನ್ನು ತಿಕ್ಕಿ ತಿಕ್ಕಿ ಅಳಿಸಿದರು. ನನ್ನವ್ವ ಅಳಿಸಿದ ತಾಟಿನಲ್ಲಿ ನಾವು ಭಾಳ ವರ್ಷ ಉಂಡೆವು. ಆಯಿ ಮಾತ್ರ ಒಯ್ಯಲಿಲ್ಲ. ಪರರ ಹೆಸರು ಹೊತ್ತುಕೊಂಡು ನಾನ್ಯಾಕ ನಡೀಲಿ, ಅಲ್ಲೇ ಇರ್ಲಿ, ಅರ್ಧಾ ಹೆಸರು ನೋಡ್ಕೊಂತ ಕುಂದರ್ಲಿ ಆಕಿ, ಅಂದಳು. ಹೀಗೆ ಆ ತಾಟು ಗೂಟದ ಮೇಲೆಯೇ ಉಳಿಯಿತು. ಉಳಿದವೆಲ್ಲ ಬಳಸಿ, ತಗ್ಗು ಬಿದ್ದು, ಗುಜರಿಗೆ ಹೋಗಿ, ಕರಗಿ ಇನ್ನೇನೋ ಆದವು. ಗೌಡರ ಮೊಮ್ಮಗ ಪರಂಪರೆ ಹುಡುಕಿಕೊಂಡು ಕೊಟ್ಟಿಗೆಗೆ ಬಂದಾಗ ಅವನ ಕೈಗೆ ಸಿಕ್ಕದ್ದು ಇದೊಂದೇ. ಅದು ಸಿಕ್ಕದ್ದು ಅವನ ಅಜ್ಜಿಯ ಸರಳತೆಯಿಂದಲ್ಲ, ಆಯಿಯ ತಿರಸ್ಕಾರದಿಂದ.

ನಾನು ನೌಕರಿ ಸಿಕ್ಕು ಇಳಕಲ್ಲಿಗೆ ಹೋದೆ. ಹಬ್ಬಕ್ಕೆ ಊರಿಗೆ ಬಂದರೆ ಆಯಿ ಕಟ್ಟೆಯ ಮೇಲೆಯೇ ಇರುತ್ತಿದ್ದಳು, ಕಣ್ಣು ಮಂಜಾಗಿದ್ದವು, ದನಿಯಿಂದ ಗುರುತು ಹಿಡಿಯುತ್ತಿದ್ದಳು. ಕ್ಷೇಮ ಸಮಾಚಾರ ಏನೂ ಇಲ್ಲ, ಅದೇ ಪ್ರಶ್ನೆ. ವಾಡೆಗೆ ಹೋಗುವುದನ್ನು ನಾನು ಬಿಟ್ಟು ವರ್ಷಗಳಾಗಿದ್ದವು, ಆದರೂ ಐತಿ ಆಯಿ ಅನ್ನುತ್ತಿದ್ದೆ. ಅವಳು ಸತ್ತ ಸುದ್ದಿ ಬಂದಾಗ ಪರೀಕ್ಷೆಗಳು ನಡೆಯುತ್ತಿದ್ದವು, ಮಣ್ಣಿಗೆ ಹೋಗಲು ಆಗಲಿಲ್ಲ. ಅವಳ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಫೋಟೋ ತೆಗೆಯುವವನನ್ನೂ ಬೈದು ಕಳಿಸಿದ್ದಳು...

ಮತ್ತೆ ಉದ್ಘಾಟನೆಗೆ ಬರುತ್ತೇನೆ. ಅತಿಥಿಯಾಗಿ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಅಲ್ಯೂಮಿನಿಯಂ ಬಡವರ ಬೆಳ್ಳಿ ಅಂತ ಮಾತು ಶುರು ಮಾಡಿ, ವಿಮಾನದವರೆಗೆ ಹೋಗಿ, ಅಲ್ಲಿಂದ ಇಳಿಯಲು ದಾರಿ ಸಿಗದೆ ಬಹಳ ಹೊತ್ತು ಸುತ್ತಿದರು. ಹಗುರವಾಗಿದ್ದುಕೊಂಡೇ ಗಟ್ಟಿಯಾಗಿರುವುದನ್ನು ನಾವು ಈ ಲೋಹದಿಂದ ಕಲಿಯಬೇಕಂತೆ. ಮಾತಿನ ನಂತರ ಊಟ. ‘ಪಾರಂಪರಿಕ ಅಲ್ಯೂಮಿನಿಯಂ ಭೋಜನ’ ಅಂತ ಅದಕ್ಕೊಂದು ಹೆಸರು. ಎಲ್ಲರ ಮುಂದೆ ಹೊಚ್ಚ ಹೊಸ ಜರ್ಮನ್ ತಾಟು, ಅದರ ಮೇಲೆ ಅಳತೆಗೆ ಕತ್ತರಿಸಿದ ಬಾಳೆಎಲೆ, ಎಲೆಯ ಮೇಲೆ ರೊಟ್ಟಿ, ಎಣ್ಣೆಗಾಯಿ. ಎಲೆ ಯಾಕೆ ಅಂತ ಬಡಿಸುವವನನ್ನು ಕೇಳಿದೆ. ಜರ್ಮನ್ ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ, ಅನ್ನಕ್ಕೆ ತಾಗಬಾರದಂತೆ. ಭಲೇ! ಅಂದು ನಮ್ಮ ತಾಟು ಅವರ ಅಡುಗೆಮನೆಗೆ ತಾಗಬಾರದಿತ್ತು, ಇಂದು ಅದೇ ತಾಟು ಅವರ ರೊಟ್ಟಿಗೆ ತಾಗಬಾರದು. ಉಳಿಸುವುದು ಅಂದರೆ ಇದೇ ಇರಬೇಕು, ಮುಟ್ಟದೆ ದೂರದಿಂದ ಕೈ ಮುಗಿಯುವುದು. ನಾನು ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ತಾಟಿನಲ್ಲೇ ರೊಟ್ಟಿ ಹಾಕಿಸಿಕೊಂಡು ಉಂಡೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದರು.

ಊಟಕ್ಕೆ ಮೊದಲೇ ನನ್ನ ಎರಡು ಮಾತು ಮುಗಿದಿತ್ತು. ನಾಯಿಯಿಂದ ಶುರು ಮಾಡಿ ತೂತಿನವರೆಗೆ ಎಲ್ಲವನ್ನೂ ಹೇಳಿದೆ. ಈ ತಾಟಿನಲ್ಲಿ ಗೌಡಸಾನಿಯವರು ಎಂದೂ ಉಣ್ಣಲಿಲ್ಲ, ಇದು ನಮ್ಮ ಕೇರಿಯ ಒಬ್ಬ ಹೆಂಗಸಿನ ತಾಟು, ಹೆಸರು ಕೆತ್ತಿಸಿದ್ದು ಕಳ್ಳತನದ ಶಂಕೆಗೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಯಾರಾದರೂ ಎದ್ದು ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ, ಮಾತು ತಯಾರು ಮಾಡಿಕೊಂಡಿದ್ದೆ. ಏನು ಮಾಡಿದರು ಗೊತ್ತೆ? ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡು, ಎಷ್ಟು ಚಂದ ಹೇಳಿದಿರಿ ಅಂದಳು. ಆ ದೊಡ್ಡ ಮನುಷ್ಯರು, ಇಂಥ ಕತೆಗಳನ್ನು ಉಳಿಸಬೇಕು ಅಂದರು. ಕಾಡಿನಲ್ಲಿ ಹೋಗಿ ಹೇಳಿದ್ದರೆ ಮರಗಳಾದರೂ ಸುಮ್ಮನಿರುತ್ತಿದ್ದವು.

ಮೊಮ್ಮಗ ಗೌಡ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಜನ ಕೈ ತೊಳೆಯಲು ಹೋದಮೇಲೆ ನನ್ನನ್ನು ಗಾಜಿನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದ. ಮುಖ ಸಣ್ಣದಾಗಿತ್ತು, ಆದರೆ ವ್ಯಾಪಾರದವನು, ನಯ ಬಿಡಲಿಲ್ಲ.

‘ಅಕ್ಕಾರ, ನನಗ ಖರೇನ ಗೊತ್ತಿರಲಿಲ್ರಿ. ಬೇಕಾದ್ರ ಈ ತಾಟು ನೀವ ಒಯ್ರಿ.’

ಬೇಕೆನ್ನಿಸಿತು. ಸುಳ್ಳು ಹೇಳಲಾರೆ, ಗಾಜು ತೆಗೆದು ಎದೆಗವಚಿಕೊಂಡು ಇಳಕಲ್ ಬಸ್ಸು ಹತ್ತಿಬಿಡಬೇಕು ಅನ್ನಿಸಿತು. ಆದರೆ ಒಯ್ರಿ ಅನ್ನುವ ಆ ಮಾತನ್ನು ಅದೇ ವಾಡೆಯಲ್ಲಿ ಒಮ್ಮೆ ಕೇಳಿದ್ದೆ. ಅಜ್ಜಿಗೆ ಹೇಸಿಗೆಯಾಗಿತ್ತು, ಮೊಮ್ಮಗನಿಗೆ ಮುಜುಗರ. ತಾಟು ಕಣ್ಣ ಮುಂದಿನಿಂದ ಹೋದರೆ ಸಾಕು ಇಬ್ಬರಿಗೂ.

‘ನಿಮ್ಮ ಅಜ್ಜಿ ಹೆಸರು ಐತ್ರಿ ಅದರ ಮ್ಯಾಲ. ನಿಮ್ಮಲ್ಲೇ ಇರ್ಲಿ. ಬೋರ್ಡ್ ಅಷ್ಟ ಖರೇದು ಬರಸ್ರಿ.’

ಬರೆಸ್ತೀನ್ರಿ ಅಂದ. ಆಯಿಯ ಹೆಸರು ಕೇಳಿದ. ಹೇಳಿದೆ. ಅವಳ ಅಡ್ಡಹೆಸರನ್ನೂ ಹೇಳಿದೆ, ಅವನು ಮೊಬೈಲಿನಲ್ಲಿ ಬರೆದುಕೊಂಡ. ತಪ್ಪಿಲ್ಲ ತಾನೇ ಅಂತ ನನಗೆ ತೋರಿಸಿದ. ತಪ್ಪಿರಲಿಲ್ಲ. ಯಾರ ತಾಟಿನ ಮೇಲೂ, ಯಾವ ಗೋಡೆಯ ಮೇಲೂ ಎಂದೂ ಬರೆಯದ ಹೆಸರು ಮೊದಲ ಸಲ ಅಕ್ಷರವಾಗಿ ಅವನ ಅಂಗೈಯಲ್ಲಿ ಹೊಳೆಯುತ್ತಿತ್ತು. ದಾರಿಯುದ್ದಕ್ಕೂ ನನಗೆ ಖುಷಿಯಾಗಿತ್ತು. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ.

ಮೊನ್ನೆ ಮತ್ತೆ ಹೋದೆ. ಬನಶಂಕರಿಗೆ ಹೋಗಿ ವಾಪಸು ಬರುವಾಗ, ಯಾರೂ ಕರೆಯದೆ, ಟಿಕೀಟು ತೆಗೆಸಿ ಒಳಗೆ ಹೋದೆ. ಬೋರ್ಡು ಬದಲಾಗಿತ್ತು. ಮತ್ತೆ ಹಿತ್ತಾಳೆಯದೇ, ಮೊದಲಿನದಕ್ಕಿಂತ ದೊಡ್ಡದು.

‘ತಮ್ಮ ಮನೆಯಲ್ಲಿ ದುಡಿಯುವವರನ್ನೂ ಮನೆಯವರೆಂದೇ ಬಗೆದು, ಅವರಿಗೂ ತಮ್ಮದೇ ಹೆಸರು ಕೆತ್ತಿಸಿದ ತಟ್ಟೆಯಲ್ಲಿ ಅನ್ನವಿಕ್ಕಿದ ಮಹಾತಾಯಿ ಗೌಡಸಾನಿಯವರ ನೆನಪಿಗೆ.’

ಎರಡು ಸಲ ಓದಿದೆ. ಆಯಿಯ ಹೆಸರು ಮೇಲೆಯೂ ಇರಲಿಲ್ಲ, ಕೆಳಗೂ ಇರಲಿಲ್ಲ. ನಾನು ಕೊಟ್ಟ ಸತ್ಯವನ್ನೇ ತೆಗೆದುಕೊಂಡು, ತಿಕ್ಕಿ ತೊಳೆದು, ಅದರಿಂದಲೇ ಗೌಡಸಾನಿಗೆ ಇನ್ನೊಂದು ಮೆಟ್ಟಿಲು ಕಟ್ಟಿದ್ದರು. ಮೊದಲು ಸರಳಳಾಗಿದ್ದವಳು ಈಗ ಮಹಾತಾಯಿಯಾಗಿದ್ದಳು. ಈ ಲೇಖನದಲ್ಲಿ ಆಯಿಯ ಹೆಸರು ಯಾಕಿಲ್ಲ ಅಂತ ಯಾರಾದರೂ ಕೇಳಬಹುದು. ಒಮ್ಮೆ ಕೊಟ್ಟು ಏನಾಯಿತು ಅಂತ ನೋಡಿದ್ದೇನೆ. ಇನ್ನೊಮ್ಮೆ ಕೊಡುವುದಿಲ್ಲ.

ಆಮೇಲೆ ತಾಟನ್ನು ನೋಡಿದೆ. ಮಖಮಲ್ಲು ಅದೇ, ದೀಪ ಅದೇ. ಆದರೆ ತಾಟು ಮೊದಲಿಗಿಂತ ಬೆಳ್ಳಗೆ ಮಿಂಚುತ್ತಿತ್ತು, ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಕನ್ನಡಕ ಒರೆಸಿಕೊಂಡು ಗಾಜಿಗೆ ಮುಖ ತಾಗಿಸಿದೆ. ತೂತು ಇರಲಿಲ್ಲ.

ಬಾಗಿಲಿನ ಹುಡುಗಿ ಹತ್ತಿರ ಬಂದಳು. ಸೆರಗು ಈ ಸಲ ಸರಿಯಾಗಿ ಹಾಕಿಕೊಂಡಿದ್ದಳು. ಹುಬ್ಬಳ್ಳಿಯಿಂದ ಒಳ್ಳೆಯ ಕಸುಬುದಾರರನ್ನು ಕರೆಸಿ ರಿಪೇರಿ ಮಾಡಿಸಿದ್ದಾರೆ ಅಂತ ಹೆಮ್ಮೆಯಿಂದ ಹೇಳಿದಳು. ಹಳೆಯ ವಸ್ತು ಹಾಳಾಗಬಾರದಲ್ಲ, ಅದಕ್ಕೆ ಅಂಚಿನ ತೂತಿಗೆ ಬೆಸುಗೆ ಹಾಕಿ, ತಿಕ್ಕಿ, ಸಮ ಮಾಡಿ, ಹೋಗಿದ್ದ ಅಕ್ಷರವನ್ನೂ ಮೊದಲಿನಂತೆಯೇ ಕೆತ್ತಿಸಿದ್ದಾರಂತೆ. ಗೊತ್ತೇ ಆಗೂದಿಲ್ಲ ನೋಡ್ರಿ ಅಕ್ಕಾರ, ಅಂದಳು. ಅವಳದೇನು ತಪ್ಪು, ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು. ಖರೆ ಹೇಳಬೇಕೆಂದರೆ ಗೊತ್ತಾಗುತ್ತಿತ್ತು. ತೂತಿದ್ದಷ್ಟು ಜಾಗದಲ್ಲಿ ಹೊಸ ಜರ್ಮನ್ ಬೇರೆಯೇ ಹೊಳಪು ಹೊಡೆಯುತ್ತಿತ್ತು, ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಹೊಸ ಅಕ್ಷರ. ಇನ್ನೆರಡು ವರ್ಷ ಕಳೆದರೆ ಅದೂ ಮಾಸಿ, ಉಳಿದವುಗಳ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ನನ್ನಂಥವಳು ಬಂದು ಇಲ್ಲೊಂದು ತೂತಿತ್ತು ಅಂದರೆ, ವಯಸ್ಸಾಗಿದೆ ಪಾಪ ಅಂತ ನೀರು ಕೊಟ್ಟು ಕೂಡಿಸುತ್ತಾರೆ.

ಆಯಿ ಈ ಭೂಮಿಯ ಮೇಲೆ ಬಿಟ್ಟುಹೋದ ಗುರುತು ಅದೊಂದೇ ಆಗಿತ್ತು, ಮೊಳೆಯ ದಪ್ಪದ್ದು. ಅದನ್ನು ಉಳಿಸಿದ್ದು ಅವಳ ಸೊಕ್ಕು, ಅಳಿಸಿದ್ದು ಪರಂಪರೆ ಉಳಿಸುವವರು. ಬಸ್ಸಿಗೆ ಹೊತ್ತಾಗಿತ್ತು. ಕಲ್ಲಿನ ಮೆಟ್ಟಿಲು ಇಳಿದು ದೊಡ್ಡ ಬಾಗಿಲಿನ ಹೊರಗೆ ಬಂದೆ. ನಮ್ಮ ಕೇರಿಯ ಕಡೆ ನೋಡಿದೆ. ಆ ಕಟ್ಟೆ ಈಗ ಇಲ್ಲ, ಅದರ ಮೇಲೆ ಕೂತವಳು ಯಾವತ್ತೋ ಇಲ್ಲ. ಆದರೂ ಕೇಳಿಸಿತು, ಅದೇ ದನಿ, ಅದೇ ಪ್ರಶ್ನೆ.

ಇಲ್ಲ ಆಯಿ. ಪೂರಾ ಮಾಡಿಬಿಟ್ಟಾರ.